ಇಲ್ಲದ ಬ್ರೇಕು

ಇಪ್ಪತ್ತೊಂದು ವರ್ಷ ಎಡಗಡೆ ಸೀಟಿನಲ್ಲಿ ಕೂತವಳು ನಾನು.
ದಾವಣಗೆರೆಯ ಅರ್ಧ ಹೆಂಗಸರಿಗೆ ಗೊತ್ತಿರುವ ಬಿಳಿ ಆಲ್ಟೊ,
ನೆತ್ತಿಗೆ ಹಳದಿ ಬೋರ್ಡು, ಬೆನ್ನಿಗೆ ಕೆಂಪು ಎಲ್,
ನನ್ನ ಕಾಲಡಿಗೆ ನನ್ನದೇ ಒಂದು ಬ್ರೇಕು.
ಸ್ಟೀರಿಂಗು ಅವರದು, ಬೆವರು ಅವರದು,
ನಿಲ್ಲಿಸುವುದು ಮಾತ್ರ ನಾನು.

ಒಂದು ಭಾನುವಾರ
ಚಿತ್ರದುರ್ಗದಾಚೆ, ಮನೆಗಳೇ ಏಳದ ಒಂದು ಲೇಔಟಿಗೆ ಹೋದೆ.
ಡಾಂಬರಿದೆ, ಚರಂಡಿಯಿದೆ, ಕಮಾನಿನ ಮೇಲೆ ಸುಸ್ವಾಗತವಿದೆ,
ಬಂದವರಿಲ್ಲ.
ಪಾರ್ಕಿಗೆ ಬಿಟ್ಟ ಜಾಗದಲ್ಲಿ ಬಳ್ಳಾರಿ ಜಾಲಿ.
ಗುಡ್ಡದ ಮೇಲೆ ಗಾಳಿಯಂತ್ರಗಳು
ಅವಸರವಿಲ್ಲದೆ ಯಾರದೋ ಲೆಕ್ಕ ಎಣಿಸುತ್ತಿದ್ದವು.
ತಿಂಗಳಿಗೊಮ್ಮೆ ಹತ್ತು ಹನ್ನೆರಡು ಜನ ಸೇರಿ
ಬಾಡಿಗೆ ಕೊಟ್ಟು, ಎರಡೂ ಬಾಯಿಗೆ ಹಗ್ಗ ಬಿಗಿದು,
ತಿರುವಿನ ಕಲ್ಲು ಕಿತ್ತು ಹಳೇ ಟೈರು ಪೇರಿಸಿ
ಅದನ್ನು ಟ್ರ್ಯಾಕ್ ಅನ್ನುತ್ತಾರೆ.
ಹತ್ತಿ ಮಂಡಿಯವನೊಬ್ಬ, ಕಣ್ಣಿನ ಡಾಕ್ಟರೊಬ್ಬ,
ಇಬ್ಬರು ಪಾಲಿಟೆಕ್ನಿಕ್ ಹುಡುಗರು ಸೇರಿ ಕೊಂಡ ಒಂದೇ ಝೆನ್ನು,
ಸೀರೆ ಬಿಟ್ಟು ಚೂಡಿದಾರದಲ್ಲಿ ನಾನು.

ಕಲಿಸುವವನು ದಾದಾಪೀರ್.
ಚಳ್ಳಕೆರೆ ಗೇಟಿನ ಹತ್ತಿರ ಟೈರಂಗಡಿ, ವಯಸ್ಸು ಇಪ್ಪತ್ತಾರು,
ನನ್ನ ಲೈಸೆನ್ಸಿಗಿಂತ ಒಂದು ವರ್ಷ ಚಿಕ್ಕವನು.
"ಗಾಡಿ ಖಾಲಿ ಮಾಡ್ರಿ ಮೇಡಂ, ಅಲ್ಲಾಡೋದು ಏನೂ ಇರಬಾರ್ದು."
ಜಾಕು, ಸ್ಟೆಪ್ನಿ, ನೀರಿನ ಬಾಟಲಿ,
ಅರ್ಧ ಡಬ್ಬಿ ಮಂಡಕ್ಕಿ, ಡ್ಯಾಶ್‌ಬೋರ್ಡಿನ ಗಣಪ
ಇಳಿದು, ನಲವತ್ತೊಂದನೇ ಸೈಟಿನಲ್ಲಿ ಸಾಲಾಗಿ ಕೂತವು.
ಕೊನೆಗೆ ಸ್ಪ್ಯಾನರ್ ಹಿಡಿದು ಎಡಗಡೆ ಬಗ್ಗಿದ.
"ಈ ಪೆಡಲ್ ಇದ್ರೆ ನನ್ನ ಕಾಲು ಸುಮ್ನಿರಲ್ಲ.
ನನ್ನ ಕಾಲು ಸುಮ್ನಿಲ್ದಿದ್ರೆ ನಿಮ್ಮ ಕಾಲು ಕಲಿಯಲ್ಲ."
ಬಿಚ್ಚಿದ ಬ್ರೇಕನ್ನು ಗಣಪನ ಪಕ್ಕ ಇಟ್ಟ.
ನನಗೆ ಯಾಕೋ ಕಿವಿ ಬಿಸಿಯಾಯಿತು.

ಮೊದಲೆರಡು ಸುತ್ತು ಅವನೇ ಓಡಿಸಿದ.
ನನ್ನ ಕಾಲು ಬರೀ ಮ್ಯಾಟನ್ನು ಹನ್ನೊಂದು ಸಲ ತುಳಿಯಿತು.
ಅವನು ಎಣಿಸಿದ್ದ.

ಆಮೇಲೆ ನಾನು.
ನನ್ನ ಪಾಠವನ್ನೇ ಒಪ್ಪಿಸಿದೆ: ದೂರದಿಂದಲೇ ಬ್ರೇಕು,
ಮೆಲ್ಲಗೆ ಗೇರು, ಮೆಲ್ಲಗೆ ತಿರುವು.
"ಯಾರಿಗೆ ಹೆದರ್ತೀರಿ? ಇಲ್ಲಿ ಎಮ್ಮೆನೂ ಇಲ್ಲ.
ನೆಟ್ಟಗಿರುವಾಗಲೇ ಗಟ್ಟಿಯಾಗಿ ಒತ್ರಿ,
ತಿರುಗ್ತಾ ತಿರುಗ್ತಾ ಬಿಡ್ರಿ, ನಿದ್ದೆ ಹತ್ತಿದ
ಮಗೂ ಮುಷ್ಟಿಯಿಂದ ಬೆರಳು ಬಿಡಿಸ್ಕೊಂಡಂಗೆ."
ಮದುವೆಯಾಗದ ಹುಡುಗ, ಈ ಮಾತು ಎಲ್ಲಿ ಕಲಿತನೋ.

ಏಳನೇ ಸುತ್ತು. ಟೈರು ಮೊದಲು ಗೊಣಗಿತು,
ಆಮೇಲೆ ಕೂಗಿತು.
ತಿರುಗಿಸಿದಷ್ಟೂ ತಿರುಗದ ಗಾಡಿ,
ಹೊರಗೆ ಹೊರಗೆ ಜಾರುವ ಮೂಗು,
ಪೇರಿಸಿದ ಟೈರು ದೊಡ್ಡದಾಗುತ್ತ ದೊಡ್ಡದಾಗುತ್ತ,
ನಾನು ಅದನ್ನೇ ನೋಡುತ್ತ.
ಅವನ ಎರಡೂ ಕೈ ಅವನ ತೊಡೆಯ ಮೇಲೇ ಇದ್ದವು.
"ಅದನ್ನ ನೋಡಬೇಡ್ರಿ, ದಾರಿ ನೋಡ್ರಿ.
ಸ್ಟೀರಿಂಗ್ ಸ್ವಲ್ಪ ವಾಪಸ್ ಕೊಡ್ರಿ."
ಬೀಳುವಾಗ ಹಿಡಿತ ಸಡಿಲಿಸು ಅಂದರೆ ಯಾರು ಕೇಳುತ್ತಾರೆ?
ಕೇಳಿದೆ. ಕತ್ತು ತಿರುಗಿಸಿದೆ. ಕೈ ಒಂದಿಷ್ಟು ಬಿಚ್ಚಿದೆ.
ಮುಂದಿನ ಚಕ್ರ ನೆಲ ಕಚ್ಚಿದ್ದು ಬೆನ್ನಹುರಿಗೆ ಗೊತ್ತಾಯಿತು.
ಗಾಜಿನ ತುಂಬ ಗುಡ್ಡ, ಗಾಳಿಯಂತ್ರ, ಬಿಸಿಲು.
ಮೀಟರು ಎಪ್ಪತ್ತೆರಡು.
ನಗಬೇಡಿ.

ಸೋಮವಾರ ಬೆಳಿಗ್ಗೆ ಆರೂವರೆ.
ಪೆಡಲು ಮತ್ತೆ ಅದರ ಜಾಗದಲ್ಲಿ, ಅದು ನಿಯಮ.
ಹಲ್ಲಿನ ಡಾಕ್ಟರು ಸುಜಲಾ, ಒಂಬತ್ತನೇ ಕ್ಲಾಸು.
ರಿಂಗ್ ರೋಡಿನ ತಿರುವಿನಲ್ಲಿ ಹಾಲಿನ ಆಟೊ ಅಡ್ಡ ಬಂತು.
ಕಾಲು ಎದ್ದಿತು. ತಡೆದೆ.
ಆಟೊದ ಹಿಂದೆ ಬರೆದ ಮೂರೂ ಮಕ್ಕಳ ಹೆಸರು ಓದುವಷ್ಟು ಹೊತ್ತು.

ಅವಳು ಒತ್ತಿದಳು: ತಡವಾಗಿ, ಒರಟಾಗಿ, ಕ್ಲಚ್ಚು ಮರೆತು.
ಇಂಜಿನ್ನು ಕೆಮ್ಮಿ ಆಫ್. ಆಟೊದವನು ಏನೋ ಅಂದ. ಹಿಂದೆ ಹಾರನ್ನು.
"ಅಬ್ಬಾ, ನೀವು ಬ್ರೇಕ್ ಹಾಕದಿದ್ರೆ ಮೇಡಂ..."
ನಾನಲ್ಲ ಕಣಮ್ಮ, ನೀನೇ ಹಾಕಿದ್ದು ಅಂದೆ.
ನಂಬಲಿಲ್ಲ.
ಬಗ್ಗಿ ನನ್ನ ಕಾಲು ನೋಡಿದಳು.
ಸೀಟಿನ ಅಡಿಗೆ ಮಡಚಿಟ್ಟಿದ್ದೆ.
ನಡುಗುತ್ತಿತ್ತು.