ಬೆಳೆ ರಕ್ಷಣೆಗೆ ಮಾತ್ರ

ಅಪ್ಪನ ಹೆಸರು ಹೊಡೆದು, ಕೆಂಪು ಶಾಯಿಯಲ್ಲಿ
ನನ್ನ ಹೆಸರು. ಕೆಳಗೆ: ಒಂಟಿನಳಿಗೆ,
ಬೆಳೆ ರಕ್ಷಣೆಗೆ ಮಾತ್ರ.
ಶೇಂಗಾ ಹೊಲದ ಹಂದಿಗೆ ನಾನು ಬಂದೂಕಿನವನು.
ಬದು ದಾಟಿ ಶಾಲೆ ಗೇಟು ಹೊಕ್ಕರೆ
ಬರೀ ಗಣಿತದ ಮಾಸ್ತರ.

ದರೋಜಿ ಗುಡ್ಡ ಇಳಿದ ಕರಡಿ ಅವತ್ತು
ಬಿಸಿಯೂಟದ ಕೋಣೆಯಲ್ಲಿ
ಬೆಲ್ಲದ ಡಬ್ಬಿ ತಬ್ಬಿ ಕೂತಿತ್ತು.
"ನಿಮ್ಮನ್ಯಾಗ ಬಂದೂಕ ಐತಲ್ರಿ ಸಾರ್" ಅಂದ ಯಂಕೋಬ.
ಇಡೀ ತರಗತಿ ನನ್ನ ಕೈ ನೋಡಿತು.
ಸೀಮೆಸುಣ್ಣ ಇತ್ತು.
ಬಾಗಿಲಿಗೆ ಬೆಂಚು ಒತ್ತಿ ನಿಂತೆ, ಅಷ್ಟೇ.
ಅಡುಗೆಯ ದುರುಗಮ್ಮ ಮಾತ್ರ ಯಾರನ್ನೂ ಕೇಳದೆ
ಗಂಟೆಗೆಂದು ತೂಗಿಬಿಟ್ಟ ರೈಲು ಕಂಬಿಯ ತುಂಡನ್ನು
ಸೌಟಿನಲ್ಲಿ ಬಡಿದಳು, ಬಡಿದಳು,
ಕರಡಿಗೆ ಬೇಸರವಾಗುವ ತನಕ.
ಸೌಟು ಇನ್ನೂ ಸೊಟ್ಟ.

ಚುನಾವಣೆ ಬಂತು. ನನ್ನದನ್ನು ಗೋಣಿಯಲ್ಲಿ ಸುತ್ತಿ
ಠಾಣೆಗೆ ಒಪ್ಪಿಸಿ ಚೀಟಿ ಇಸಕೊಂಡೆ.
ಶಾಲೆ ಮತಗಟ್ಟೆಯಾಯಿತು.
ಎಲ್ಲಿಂದಲೋ ಬಂದ ಹಿಂದಿ ಮಾತಿನ ಹುಡುಗ
ಮಗ್ಗಿ ಬರೆದ ಗೋಡೆಗೆ ರೈಫಲ್ ಆನಿಸಿ
ಹದಿಮೂರರ ಮೇಲೆ ತಲೆಯಿಟ್ಟು ನಿದ್ದೆಹೋದ.
ಕಿಟಕಿಯಲ್ಲಿ ಯಂಕೋಬ, ಪಿಸುದನಿ:
"ಸಾರ್, ಇವರದು ಯಾವ ಬೆಳಿ ಕಾಯಾಕ್ರಿ?"

ಜೇಬಿನ ಚೀಟಿ ಮುಟ್ಟಿ ನೋಡಿಕೊಂಡೆ.