ದಾಖಲೆ 'ಎ'

ಇಪ್ಪತ್ತಾರು ವರ್ಷ ನಮ್ಮ ಕೌಂಟಿಯಲ್ಲಿ ಸತ್ತವರಿಗೆ
ಗುರುವಾರ ಮಧ್ಯಾಹ್ನ ಮಾತ್ರ ಪುರುಸೊತ್ತು.
ಉಳಿದ ದಿನ ಅದೇ ಜಡ್ಜು, ಅದೇ ಕುರ್ಚಿ:
ಸೇತುವೆಯ ಟೆಂಡರು, ಬೇಲಿ ಹಾರಿದ ಹೋರಿ,
ಕುಡಿದು ಲಾರಿ ಓಡಿಸಿದವನ ಜಾಮೀನು.
ಗುರುವಾರ ಊಟ ಮುಗಿಸಿ, ಬಾಯೊರೆಸಿ,
"ಯಾರಾದರೂ ಹೋದರೇನು, ಡೊರೀನ್?" ಎನ್ನುವರು ಜಡ್ಜ್ ಪ್ರೂಯಿಟ್.
ಹೋಗಿದ್ದರೆ ಒಬ್ಬರು. ಹೆಚ್ಚೆಂದರೆ ಇಬ್ಬರು.
ಯಾವ ಮಗನಿಗೆ ಯಾವ ಗದ್ದೆಯೆಂದು
ಉಯಿಲಿನ ಲಕೋಟೆ ಹರಿಯುವ ಮೊದಲೇ ಊರಿಗೆ ಗೊತ್ತು.

ಆಮೇಲೆ ಹ್ಯೂಸ್ಟನ್ ಕಡೆಯಿಂದ ಹೆದ್ದಾರಿ ಬಂತು.
ಭತ್ತ ಬೆಳೆದಲ್ಲಿ ಮನೆ, ಮನೆ, ಮನೆ,
ಒಂದೇ ಅಚ್ಚಿಗೆ ಒತ್ತಿ ತೆಗೆದಂಥವು.
ಬೀದಿಗಳಿಗೆ ಬಿಲ್ಡರನ ಹೆಣ್ಣುಮಕ್ಕಳ ಹೆಸರು;
ಐವರು ಮುಗಿದ ಮೇಲೆ ಅವನ ನಾಯಿಗಳದೂ ಬಂತು.
ಮೂವತ್ತು ಸಾವಿರವಿದ್ದದ್ದು ಮೂರು ಲಕ್ಷ.
ಬಂದವರೆಲ್ಲ ಬದುಕಲಿಕ್ಕೇ ಬಂದವರು, ಅದೂ ನಿಜವೇ.

ನನ್ನ ಸೂಚಿಪುಸ್ತಕದಲ್ಲಿ 'ಎನ್' ಅಂದರೆ ನಾಲ್ಕು ಹಾಳೆ:
ನ್ಯಾಶ್, ನೆಟಲ್ಸ್, ನಾರ್‌ವುಡ್ ಮನೆಯ ಮೂವರು.
ಈಗ ನ್ಯುಯೆನ್‌ಗಳಿಗೇ ಜಾಗ ಸಾಲದೆ
'ಕ್ಯೂ'ನಿಂದ ಎರಡು ಹಾಳೆ ಕಡ ತಂದೆ.
ಕ್ಯೂನಲ್ಲಿ ಆವರೆಗೆ ಯಾರೂ ಸತ್ತಿರಲಿಲ್ಲ.
ಮಾರ್ಚಿನಲ್ಲಿ ಕಿನ್ಯೋನೆಸ್ ಎಂಬ ಬಡಗಿ ತೀರಿಕೊಂಡ,
ಕೊಟ್ಟ ಸಾಲ ವಾಪಸು ಕೇಳಲು ಬಂದವನ ಹಾಗೆ.

ತಾರೀಕು ಸಿಗಲು ಹನ್ನೊಂದು ತಿಂಗಳು.
ಒಬ್ಬಾಕೆ ಗಂಡನ ಖಾತೆ ಬ್ಯಾಂಕಿನಲ್ಲಿ ಹೆಪ್ಪುಗಟ್ಟಿ ಕೂತಾಗ
ಅವನು ಡಬ್ಬಿಯಲ್ಲಿ ಕೂಡಿಟ್ಟ ಚಿಲ್ಲರೆ ಎಣಿಸಿ
ಕರೆಂಟು ಬಿಲ್ಲು ಕಟ್ಟಿದಳು.
ತಾಯಿ ಹೋದ ಮೇಲೆ ತಮ್ಮನಿಗೆ ಪೋಷಕಿಯಾಗಲು
ಅರ್ಜಿ ಹಾಕಿದಳು ಲಟೋನ್ಯಾ, ಇಪ್ಪತ್ತರ ಹುಡುಗಿ.
ಕೂಗಿದ ದಿನ ತಮ್ಮನಿಗೆ ಹದಿನೆಂಟು ತುಂಬಿ ಮೂರು ದಿನ.
ಅರ್ಜಿ ವಜಾ. ಅವಳು ಕುರ್ಚಿಯಿಂದ ಏಳಲಿಲ್ಲ,
ಗೆದ್ದೆನೋ ಸೋತೆನೋ ಎಂದು ನನ್ನ ಮುಖ ನೋಡಿದಳು.
ನಾನು ಮೊಹರು ಒತ್ತಿದೆ. ನನಗೆ ಬರುವುದು ಅದೊಂದೇ.

ಕಮಿಷನರುಗಳ ಸಭೆಯಲ್ಲಿ ಟೀಗ್ ಕೇಳಿದ,
"ಇನ್ನೊಂದು ಕೋರ್ಟು, ಇನ್ನೊಂದು ಸಂಬಳ.
ಸತ್ತವರಿಗೆ ಅಂಥ ಅವಸರವೇನು?"
ಎಲ್ಲರೂ ನಕ್ಕರು. ನಾನೂ ನಕ್ಕೆ, ಸಂಬಳ ಅವರ ಕೈಯದು.
ಅಂಕಿಅಂಶದ ಹಾಳೆ ನನ್ನ ಕೈಯಲ್ಲಿತ್ತು.
ಬಾಯಿಗೆ ಬಂದದ್ದು ಮಾತ್ರ ಗಿಲ್‌ಕ್ರೀಸ್ಟ್ ಅಣ್ಣತಮ್ಮಂದಿರ ದೋಣಿ:
ಅಪ್ಪ ಬಿಟ್ಟುಹೋದದ್ದು, ನನಗೆ ತನಗೆ ಎಂದು
ಹಿತ್ತಲಲ್ಲಿ ನಾಲ್ಕು ವರ್ಷ ಮಗುಚದೆ ಬಿದ್ದಿದೆ.
ತಳದ ಬಿರುಕಿನಿಂದ ಕಾಡು ಪ್ಲಮ್ಮಿನ ಗಿಡ ಎದ್ದು
ಎದೆಮಟ್ಟ ಬೆಳೆದು ಹೂ ಬಿಟ್ಟಿದೆ.
ಗಿಡ ಯಾರದೆಂದು ಈಗ ಎರಡನೇ ತಕರಾರು.
ಮೂರಕ್ಕೆ ಎರಡು ಮತ. ಟೀಗ್ ಕೈಯೆತ್ತಲಿಲ್ಲ.
ಆಸ್ಟಿನ್ನಿನಿಂದ ಸಹಿ ಬರಲು ಮತ್ತೊಂದು ಬೇಸಿಗೆ.

ಹಳೆಯ ತೆರಿಗೆ ಕಚೇರಿಯೇ ಹೊಸ ಕೋರ್ಟು.
'ನಗದು ಇಲ್ಲಿ ಕಟ್ಟಿ' ಎಂದು ಗಾಜಿಗಂಟಿದ ಚೀಟಿಯನ್ನು
ಬ್ಲೇಡಿನಿಂದ ಕೆರೆದೆವು. 'ನಗದು' ಹೋಯಿತು,
'ಇಲ್ಲಿ ಕಟ್ಟಿ' ಇನ್ನೂ ಇದೆ.
ಜಡ್ಜ್ ರೊಸಾಲ್ವಾ ಟ್ರೆಮೆಲ್‌ಗೆ ನನ್ನ ಮಗಳ ವಯಸ್ಸು,
ಮೇಜಿನ ಕೆಳಗೆ ಬೂಟು ಬಿಚ್ಚಿಡುತ್ತಾಳೆ.
ಮೊದಲ ಸೋಮವಾರದ ಮೊದಲ ಕಡತ
ಗಿಲ್‌ಕ್ರೀಸ್ಟರದೇ. ದೊಡ್ಡವನು ಸಾಕ್ಷ್ಯವೆಂದು
ಕಾಗದದ ಚೀಲ ತುಂಬ ಹಣ್ಣು ತಂದ. ಚಿಕ್ಕವನೂ ತಂದ.
"ಒಂದೇ ಗಿಡದ್ದೇ?" ಕೇಳಿದಳು ಜಡ್ಜ್.
ಇಬ್ಬರೂ ನೆಲ ನೋಡಿದರು.
ತೀರ್ಪು ಮುಂದಿನ ವಾರಕ್ಕೆ. ವಾರ! ತಿಂಗಳಲ್ಲ.

ಸಂಜೆ ಒಬ್ಬಳೇ ಕೂತು ದಾಖಲೆ 'ಎ' ಬರೆಯುವಾಗ
ಚೀಲದಡಿ ಒದ್ದೆಯಾಗಿ, ಹೊಸ ರಿಜಿಸ್ಟರಿನ ಮೊದಲ ಪುಟದಲ್ಲಿ
ಕೆಂಪಗೆ ಒಂದು ಉಂಗುರ ಮೂಡಿತ್ತು.
ಹತ್ತೊಂಬತ್ತು ಹಣ್ಣು. ಬಾಗಿಲ ಕಡೆ ನೋಡಿದೆ.
ಒಂದು ತಿಂದೆ. ಹಲ್ಲು ಚುಳ್ಳೆನ್ನುವಷ್ಟು ಹುಳಿ.
ಹದಿನೆಂಟು ಎಂದು ಬರೆದೆ.