ಏಳನೆಯ ಗೆಜ್ಜೆ

ಟೊಪ್ಪಿಗೆ ಹೊಲಿಯುವುದಾದರೆ ಹೊಲಿ, ರೋಂಬೌಟ್,
ಕಿವಿ ಹರಿದಿದೆ, ಬಣ್ಣ ಮಾಸಿದೆ, ಒಪ್ಪಿದೆ.
ಆ ಏಳನೆಯ ಗೆಜ್ಜೆಯನ್ನು ಮಾತ್ರ ಬಿಚ್ಚಬೇಡ.

ಹೆಸ್ಟರ್‌ವಾಲ್ಡ್ ಕೋಟೆ. ಉಪವಾಸದ ಮೂರನೆಯ ವಾರ,
ಒಣಮೀನಿನ ನಾತಕ್ಕೆ ನಾಯಿಗಳೂ ಬೇಸತ್ತ ಕಾಲ.
ಬೆಳಿಗ್ಗೆ ಬೊಕ್ಕಸದ ಗೋಸ್ವಿನ್
ಸುರುಳಿ ಮೆಟ್ಟಿಲ ಬುಡದಲ್ಲಿ ತಲೆಕೆಳಗಾಗಿ ಬಿದ್ದಿದ್ದ,
ಪಕ್ಕದಲ್ಲಿ ಗೀರುಗೀರಿನ ಲೆಕ್ಕದ ಕೋಲು, ಅರ್ಧ ಮಾತ್ರ.
ಬಿಗಿದ ಮುಷ್ಟಿಯನ್ನು ಪಾದ್ರಿ ಬೆರಳು ಬೆರಳಾಗಿ ಬಿಡಿಸಿದರೆ
ಒಳಗೊಂದು ಗೆಜ್ಜೆ.

ಇಡೀ ಅಂಗಳ ನನ್ನ ತಲೆಯತ್ತ ತಿರುಗಿತು.
ಆರಿದ್ದವು. ಏಳನೆಯದು ಎಲ್ಲೋ ಉದುರಿ ವಾರವಾಗಿತ್ತು,
ಹೇಳಿದರೆ ನಂಬುವವರಾರು? ಕೋಡಂಗಿಯ ಮಾತು.
ಹಗ್ಗ ತರಲು ಹೋದವನ ಹೆಜ್ಜೆ ಕೇಳುತ್ತಿತ್ತು.
ತಲೆ ಕುಣಿಸಿದೆ. ಮತ್ತೆ ಕುಣಿಸಿದೆ.
ಸದ್ದಿಲ್ಲ.

ಒಡೆಯನ ಮಗು ಮಾಕ್ಟೆಲ್ಡ್ ಜ್ವರದಲ್ಲಿ
ಕಿಣಿಕಿಣಿಗೆ ಬೆಚ್ಚಿ ಅಳುತ್ತಾಳೆಂದು
ಏಳಕ್ಕೂ ಜೇನುಮೇಣ ತುಂಬಿ ಹತ್ತು ದಿನ.
ದಾದಿಗೆ ಗೊತ್ತು, ಮೇಣ ಕೊಟ್ಟವಳೇ ಅವಳು.

ಸತ್ತವನ ಗೆಜ್ಜೆಯನ್ನು ಪಾದ್ರಿ ಅಲ್ಲಾಡಿಸಿದ:
ಝಣ್.
ತೆಳುವಾಗಿ, ಎತ್ತರದಲ್ಲಿ,
ಆಕಾಶದಿಂದ ಕೇಳಬೇಕಾದ ಸದ್ದು.

ಗೆಜ್ಜೆ ಕಾಲಿಗೆ ಕಟ್ಟುವುದು, ಮಗಾ.
ತಲೆಗೆ ಕಟ್ಟಿಕೊಂಡವ ಇಲ್ಲಿ ನಾನೊಬ್ಬನೇ.
ಹಾಗಾದರೆ ಆ ಕಾಲು ಯಾರದು?
ಸಂಜೆ ಡೇಗೆಮನೆಗೆ ಹೋಗಿ ಎಣಿಸಿದೆ:
ಕಣ್ಗಾಪು ತೊಟ್ಟ ಒಂಬತ್ತು ಹಕ್ಕಿ, ಹದಿನೇಳು ಗೆಜ್ಜೆ.
ಒಡೆಯ ಮುಂಗೈ ಮೇಲೆ ಹೊತ್ತು ತಿರುಗುವ
ಬಿಳಿ ಡೇಗೆಯ ಎಡಗಾಲು ಮೂಕ.

ಬೆಕ್ಕಿಗೆ ಗಂಟೆ ಕಟ್ಟುವವರಾರು ಅನ್ನುತ್ತಾರೆ.
ಕಟ್ಟಿದ್ದ ಗಂಟೆ ಕಳಚಿ ಬಿದ್ದಿದೆ ಎಂದು
ಬೆಕ್ಕಿಗೆ ಹೇಳುವವರಾರು?

ಊಟದ ಹೊತ್ತಿಗೆ ಮೇಜು ಹತ್ತಿ ಹೇಳಿಯೇಬಿಟ್ಟೆ,
ಅವನ ಹೆಸರು ಹಿಡಿದೇ, ಹಕ್ಕಿಯ ನಡಿಗೆ ನಡೆದು.
ಬಿದ್ದು ಬಿದ್ದು ನಕ್ಕರು. ಪಾದ್ರಿ ಕಣ್ಣೊರೆಸಿಕೊಂಡ.
ಒಡೆಯನೂ ನಕ್ಕ, ನಗುನಗುತ್ತಲೇ
ಎಡಗೈ ಗವಸನ್ನೊಮ್ಮೆ ಮುಟ್ಟಿ ನೋಡಿಕೊಂಡ.
ಒಂದು ಬೆಳ್ಳಿ ನಾಣ್ಯ ಎಸೆದ.
ಹಿಡಿದೆ. ಏನು ಮಾಡಲಿ.

ಗೋಸ್ವಿನ್ ಯಾವ ಲೆಕ್ಕ ಹಿಡಿದಿದ್ದ, ಕೋಲಿನ
ಇನ್ನರ್ಧ ಯಾವ ಒಲೆ ಸೇರಿತು, ಇಂದಿಗೂ ತಿಳಿಯದು.
ಗೆಜ್ಜೆಯನ್ನು ಮಾತ್ರ ಪಾದ್ರಿಯ ಪೆಟ್ಟಿಗೆಯಿಂದ ಕದ್ದೆ.
ಮಗು ಗೆಲುವಾದಳು. ಆರರ ಮೇಣ ಹಾಗೇ ಬಿಟ್ಟೆ.

ಇಪ್ಪತ್ತು ಚಳಿಗಾಲ. ನಾನು ಒಳಗೆ ಬಂದರೆ ಒಂದೇ ಒಂದು ಝಣ್.
ಎಲ್ಲರಿಗೂ ಅದು ನಗುವ ಹೊತ್ತು.
ಒಬ್ಬ ಮಾತ್ರ, ತುತ್ತು ಬಾಯಿಗೆ ಒಯ್ಯುತ್ತಿದ್ದವ,
ಅರೆಗಳಿಗೆ ತಲೆಯೆತ್ತಿ
ಸೂರಿನತ್ತ ನೋಡುತ್ತಾನೆ.

ದಾರ ಬಿಗಿಯಾಗಿದೆಯಾ? ಎಳೆದು ನೋಡು.